ಮೂಲೆಯಿಂದ ಮೂಲೆಗೆ

ನಮ್ಮ ಹೊಲ 28 ಗುಂಟೆ. ಮಗ್ಗಿ ಕಲಿಯುವ ಮೊದಲೇ ನನ್ನ ಬಾಯಿಗೆ ಬಂದ ಲೆಕ್ಕ ಅದು. ಗೊಬ್ಬರದ ಅಂಗಡಿಯಲ್ಲಿ ಅಪ್ಪ "28 ಗುಂಟೆಗೆ ಎಷ್ಟು ಬೇಕಾಗುತ್ತೆ" ಅಂತಲೇ ಕೇಳುತ್ತಿದ್ದರು. ಪಕ್ಕದ ಹೊಲ ದೊಡ್ಡಪ್ಪನದು. ಅದೂ 28 ಗುಂಟೆ. ನಾನು ಹುಟ್ಟುವ ಮೊದಲೇ ತಾತ ಇಬ್ಬರು ಮಕ್ಕಳಿಗೂ ಸಮನಾಗಿ ಪಾಲು ಮಾಡಿಕೊಟ್ಟಿದ್ದರು. ಕಾಗದ ಗೀಗದ ಏನೂ ಇಲ್ಲ, ಬಾಯಿಮಾತು. ನಡುವೆ ಒಂದು ಬದು, ಬದುವಿನ ಮೇಲೆ ಮೂರು ತೆಂಗಿನ ಮರ. ಪಹಣಿ ಇವತ್ತಿಗೂ ತಾತನ ಹೆಸರಿನಲ್ಲಿ ಒಟ್ಟಿಗೇ ಇದೆ.

ಆ ಪಹಣಿಯಲ್ಲಿ ವಿಸ್ತೀರ್ಣ 1-13-00. ಒಂದು ಎಕರೆ 13 ಗುಂಟೆ, ಅಂದರೆ 53 ಗುಂಟೆ. ಎರಡು 28 ಕೂಡಿದರೆ 56. ಮಿಕ್ಕ ಮೂರು ಗುಂಟೆ ಎಲ್ಲಿ ಹೋಯ್ತು ಅಂತ ಕೇಳಿದರೆ ನಮ್ಮ ಮನೆಯಲ್ಲಿ ಎಲ್ಲರದ್ದೂ ಒಂದೇ ಉತ್ತರ: "ಯಾವ ಕಾಲದಲ್ಲೋ ಅಳೆದೋರು ಬರೆಯೋವಾಗ ನುಂಗಿಬಿಟ್ರು." ಚಿಕ್ಕವಳಿದ್ದಾಗ ನನಗೂ ಆ ಅಳೆದವರ ಮೇಲೆ ಸಿಟ್ಟಿತ್ತು.

ನಾನು ಮೈಸೂರಿನಲ್ಲಿ ಬಿ.ಎಸ್ಸಿ. ಎರಡನೇ ವರ್ಷ. ಗಣಿತ ಆರಿಸಿಕೊಂಡಿದ್ದೇನೆ. ಊರು ಹುಣಸೂರು ತಾಲ್ಲೂಕಿನಲ್ಲಿ, ಹನಗೋಡು ಅಣೆಕಟ್ಟೆಯ ನಾಲೆ ಬಯಲಿನಲ್ಲಿ. ರಜೆಗೆ ಹೋದಾಗಲೆಲ್ಲ ಯಾರಾದರೂ ಒಬ್ಬರು "ಲೆಕ್ಕ ಓದಿ ಏನ್ ಮಾಡ್ತೀಯವ್ವ, ಬ್ಯಾಂಕಾ?" ಅಂತ ಕೇಳಿಯೇ ಕೇಳುತ್ತಾರೆ. ಹೂಂ ಅಂದುಬಿಡುತ್ತೇನೆ. ನಮ್ಮ ತರಗತಿಯಲ್ಲಿ ಈ ಸೆಮಿಸ್ಟರ್ ಪೂರ್ತಿ ಸಂಖ್ಯೆ ಅನ್ನೋದೇ ಜಾಸ್ತಿ ಕಾಣಲಿಲ್ಲ, ಬರೀ ಅಕ್ಷರ. ಅದನ್ನು ಅವರಿಗೆ ಹೇಳಿದರೆ ನಗುತ್ತಾರೆ.

ಈ ಸಲ ಊರಿಗೆ ಹೋದಾಗ ಮನೆಯಲ್ಲಿ ಶುಂಠಿಯ ಮಾತು ನಡೆದಿತ್ತು. ಹೊರಗಿನವರೊಬ್ಬರು ಒಂದು ಬೆಳೆಗೆ ಹೊಲವನ್ನು ಗುತ್ತಿಗೆಗೆ ಕೇಳಿದ್ದರು. ಎಕರೆಗೆ 80,000, ಅಂದರೆ ಗುಂಟೆಗೆ 2,000. ನಮ್ಮ ಹೊಲಕ್ಕೆ 56,000 ಬರುತ್ತದೆ ಅಂತ ಅಪ್ಪ ಆಗಲೇ ಬೋರಿನ ಮೋಟರು ರಿಪೇರಿಗೆ, ನನ್ನ ಹಾಸ್ಟೆಲ್ ಫೀಸಿಗೆ ಅಂತ ಮನಸ್ಸಿನಲ್ಲೇ ಹಂಚಿ ಮುಗಿಸಿದ್ದರು. ಆ ಮನುಷ್ಯ ಬಂದು ಫೋನು ಹಿಡಿದುಕೊಂಡು ಹೊಲದ ಅಂಚಿನಲ್ಲಿ ಒಂದು ಸುತ್ತು ನಡೆದರು. ಆಮೇಲೆ ಫೋನು ತೋರಿಸಿ, "ಇಪ್ಪತ್ತೈದು ಚಿಲ್ಲರೆ ಗುಂಟೆ ಇರೋದು ಸ್ವಾಮಿ" ಅಂದರು.

ತಾತನಿಗೆ ಎಲ್ಲಿಲ್ಲದ ಸಿಟ್ಟು ಬಂತು. "ನಾನೇ ಹಗ್ಗ ಹಿಡಿದು ಅಳೆದಿರೋ ಹೊಲ. ಫೋನು ಹೇಳುತ್ತಂತೆ, ಫೋನು!"

ನನಗೂ ಆತ ಮೋಸ ಮಾಡುತ್ತಿದ್ದಾರೆ ಅಂತಲೇ ಅನ್ನಿಸಿತು. ಫೋನಿನ ಜಿಪಿಎಸ್ ನಾಲ್ಕೈದು ಮೀಟರ್ ಆಚೀಚೆ ತೋರಿಸುವುದು ಮಾಮೂಲು. ಅಷ್ಟು ಸಣ್ಣ ಹೊಲದಲ್ಲಿ ಅದರ ಮೇಲೆ ಹೇಗೆ ನಂಬಿಕೆ ಇಡೋದು? "ನಾನು ಅಳೆದುಕೊಡ್ತೀನಿ ತಾತ" ಅಂದೆ. ಎರಡು ವರ್ಷದಲ್ಲಿ ಮನೆಯವರ ಮುಂದೆ ಓದಿದ್ದನ್ನು ತೋರಿಸುವ ಅವಕಾಶ ಸಿಕ್ಕಿದ್ದೇ ಇದೊಂದು ಸಲ.

ಮಾವ, ಅಂದರೆ ಅಮ್ಮನ ತಮ್ಮ, ಗಾರೆ ಮೇಸ್ತ್ರಿ. ಅವರ ಮನೆಯಿಂದ 100 ಅಡಿಯ ಟೇಪು ತಂದೆ. ಇನ್ನೊಂದು ತುದಿ ಹಿಡಿಯೋಕೆ ದೊಡ್ಡಪ್ಪನ ಮಗ ಬಂದ. ಎಂಟನೇ ಕ್ಲಾಸು, ಟೇಪಿಗಿಂತ ಜಾಸ್ತಿ ಅವನ ಗಮನ ಮರದ ಮೇಲಿನ ಹುಣಸೆಕಾಯಿ ಕಡೆಗಿತ್ತು. ಹೊಲಕ್ಕೆ ನಾಲ್ಕು ಮೂಲೆ. ಬಡಗಲ ಬದಿ 197 ಅಡಿ. ಪಡುವಲು, ನಾಲೆಯ ಮಗ್ಗಲು, 144. ತೆಂಕಲು 217. ದೊಡ್ಡಪ್ಪನ ಹೊಲಕ್ಕೆ ತಾಗಿದ ಬದು 151. ಬಿಸಿಲು, ರಾಗಿ ಕೂಳೆ ಕಾಲಿಗೆ ಚುಚ್ಚುತ್ತಿತ್ತು. ಒಂದೊಂದು ಬದಿಯನ್ನೂ ಎರಡೆರಡು ಸಲ ಹಿಡಿಸಿದೆ. ಹುಡುಗ ಗೊಣಗಿದ.

ಮನೆಗೆ ಬಂದಾಗ ತಾತ ಜಗುಲಿ ಮೇಲೆ ಕೂತಿದ್ದರು. ನಾಲ್ಕು ಅಂಕಿಯನ್ನೂ ಹೇಳಿಸಿಕೊಂಡರು. "ಎದುರುಬದುರು ಕೂಡು. ಅರ್ಧ ಮಾಡು. ಎರಡನ್ನೂ ಗುಣಿಸು." ತಾತ ಓದಿದ್ದು ನಾಲ್ಕನೇ ಕ್ಲಾಸು. 197 ಮತ್ತು 217ರ ಅರ್ಧ 207. 144 ಮತ್ತು 151ರ ಅರ್ಧ 147ವರೆ. ಗುಣಿಸಿದರೆ 30,532 ಚಿಲ್ಲರೆ ಚದರಡಿ. ಗುಂಟೆ ಅಂದರೆ 33 ಅಡಿಗೆ 33 ಅಡಿ, 1,089 ಚದರಡಿ. ಭಾಗಿಸಿದೆ. 28 ಬಂತು. ದಶಮಾಂಶದಲ್ಲಿ 28.04.

"ನೋಡ್ದಾ?" ಅಂದರು ತಾತ. ಅಜ್ಜಿಯನ್ನು ಕೂಗಿ ಕಾಫಿ ಹೇಳಿದರು.

ಇಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ತಾತನ ಲೆಕ್ಕ ಸ್ಥೂಲ ಅಂತ ನನಗೆ ಗೊತ್ತಿತ್ತು. ಸ್ಥೂಲ ಅನ್ನೋದು ನನ್ನ ಮಾತಲ್ಲ. ಕ್ರಿ.ಶ. 628ರಲ್ಲಿ ಬ್ರಹ್ಮಗುಪ್ತ ತನ್ನ ಬ್ರಹ್ಮಸ್ಫುಟಸಿದ್ಧಾಂತದಲ್ಲಿ ಇದೇ ಸೂತ್ರ ಕೊಟ್ಟು, ಇದು ಸ್ಥೂಲ ಫಲ ಅಂತ ಹೇಳಿದ್ದಾನೆ. ಎದುರುಬದುರು ಬದಿಗಳ ಮೊತ್ತದ ಅರ್ಧ, ಅವುಗಳ ಗುಣಲಬ್ಧ. ನಮ್ಮ ತಾತನ ಸೂತ್ರವೇ. ಅದೇ ಉಸಿರಿನಲ್ಲಿ ಸೂಕ್ಷ್ಮ ಫಲಕ್ಕೂ ಸೂತ್ರ ಕೊಡುತ್ತಾನೆ. ನಾಲ್ಕೂ ಬದಿ ಕೂಡಿ ಅರ್ಧ ಮಾಡು, ಅದರಿಂದ ಒಂದೊಂದೇ ಬದಿಯನ್ನು ಕಳೆ, ಬಂದ ನಾಲ್ಕನ್ನೂ ಗುಣಿಸು, ವರ್ಗಮೂಲ ತೆಗೆ. ಮೊದಲ ವರ್ಷದಲ್ಲಿ ಒಂದು ಸೆಮಿನಾರಿಗೆ ನಾನು ಇದನ್ನೇ ಆರಿಸಿಕೊಂಡು ಚಪ್ಪಾಳೆ ಗಿಟ್ಟಿಸಿದ್ದೆ.

ಸ್ಥೂಲ ಮತ್ತು ಸೂಕ್ಷ್ಮ ಅಂತ ಎರಡನ್ನೂ ಕಲಿಸುವ ಈ ಪದ್ಧತಿ ನಮ್ಮ ಕಡೆಯಲ್ಲೂ ಇತ್ತು. ಒಂಬತ್ತನೇ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷನ ಕಾಲದಲ್ಲಿ, ಮಹಾವೀರಾಚಾರ್ಯ ಕ್ಷೇತ್ರಗಳ ಲೆಕ್ಕವನ್ನು ಹೀಗೇ ಎರಡು ಪಾಲು ಮಾಡಿದ. ಒಂದು ವ್ಯವಹಾರಕ್ಕೆ ಸಾಕಾಗುವಂಥದ್ದು, ಇನ್ನೊಂದು ನಿಖರವಾದದ್ದು. ಹನ್ನೆರಡನೇ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲೇ ಗಣಿತದ ಪುಸ್ತಕ ಬರೆದ. ಅದರ ಹೆಸರೇ ವ್ಯವಹಾರಗಣಿತ. ತಾತನ ಹಗ್ಗದ ಲೆಕ್ಕ ಯಾರ ಬಾಯಿಂದ ಯಾರ ಬಾಯಿಗೆ ದಾಟಿ ನಮ್ಮ ಜಗುಲಿಗೆ ಬಂತೋ!

ಸೂಕ್ಷ್ಮ ಸೂತ್ರ ಹಾಕಿದೆ. ನಾಲ್ಕು ಬದಿಯ ಮೊತ್ತದ ಅರ್ಧ 354ವರೆ. ಕಳೆದು, ಗುಣಿಸಿ, ವರ್ಗಮೂಲ ತೆಗೆದರೆ 30,458. ಅಂದರೆ 28 ಗುಂಟೆಗೆ ಅರ್ಧ ಆಣೆ ಕಮ್ಮಿ. ಇಷ್ಟೆಲ್ಲ ಸರ್ಕಸ್ ಮಾಡಿದ್ದಕ್ಕೆ ಅರ್ಧ ಆಣೆ!

ಆಣೆ ಅಂದರೆ ಗುಂಟೆಯಲ್ಲಿ ಹದಿನಾರನೇ ಒಂದು ಪಾಲು. ದುಡ್ಡಿನ ಆಣೆ 1957ರಲ್ಲಿ ನಯಾಪೈಸೆ ಬಂದಾಗ ಹೋಯಿತು, ಹೊಲದ ಆಣೆ ಮಾತ್ರ ಪಹಣಿಯಲ್ಲಿ ಇನ್ನೂ ಉಳಿದಿದೆ. ಅಜ್ಜಿಯ ಸೇರಿಗೂ 16 ಚಟಾಕು. ಯಾಕೆ ಎಲ್ಲದಕ್ಕೂ ಹದಿನಾರು ಅಂತ ಚಿಕ್ಕವಳಿದ್ದಾಗ ತಲೆ ಕೆಡಿಸಿಕೊಂಡಿದ್ದೆ. ಹಗ್ಗವನ್ನು ಮಡಚಿದರೆ ಅರ್ಧ, ಮತ್ತೆ ಮಡಚಿದರೆ ಕಾಲು, ಮತ್ತೆ ಅರೆಕಾಲು, ಮತ್ತೊಂದು ಸಲ ಮಡಚಿದರೆ ಹದಿನಾರು. ಸ್ಕೇಲು ಬೇಕಿಲ್ಲ. ಹತ್ತು ಪಾಲು ಮಾಡಿ ನೋಡಿ, ಆಗ ಗೊತ್ತಾಗುತ್ತೆ.

ಇರಲಿ. ಬ್ರಹ್ಮಗುಪ್ತನೂ ತಾತನ ಕಡೆಗೇ ಇದ್ದಾನೆ ಅಂತ ಮನೆಯಲ್ಲಿ ಸಾರಿದೆ. ಅಪ್ಪ ಫೋನು ಮಾಡಿ ಶುಂಠಿಯವರಿಗೆ, "ನನ್ನ ಮಗಳು ಅಳೆದಿದ್ದಾಳೆ, ಲೆಕ್ಕದಲ್ಲಿ ಬಿ.ಎಸ್ಸಿ. ಮಾಡ್ತಿದ್ದಾಳೆ, 28ಕ್ಕೆ ಒಂದು ಆಣೆ ಕಮ್ಮಿ ಇಲ್ಲ" ಅಂದರು. ಅರ್ಧ ಆಣೆ ಕಮ್ಮಿ ಇತ್ತು. ನಾನು ಸುಮ್ಮನಿದ್ದೆ.

ಸಂಜೆ ಟೇಪು ವಾಪಸ್ ಕೊಡೋಕೆ ಮಾವನ ಮನೆಗೆ ಹೋದೆ. ಮಾವ ಬಕೆಟ್ಟಿನಲ್ಲಿ ಕರಣೆ ತೊಳೆಯುತ್ತಿದ್ದರು. ಅಳತೆ ಹೇಳಿದೆ. ಕೇಳಿದರು, ತೊಳೆಯೋದನ್ನು ನಿಲ್ಲಿಸಲಿಲ್ಲ.

"ಮೂಲೆಯಿಂದ ಮೂಲೆಗೆ ಹಿಡಿದ್ರಾ?"

"ಇಲ್ಲ. ನಾಲ್ಕು ಬದಿ ಸಾಕಲ್ವಾ ಮಾವ?"

"ಮನೆ ಪಾಯಕ್ಕೆ ನಾಲ್ಕು ಬದಿ ಮಾತ್ರ ಹಿಡಿದು ದಾರ ಕಟ್ಟಿದ್ರೆ ಓನರು ನನ್ನ ಓಡಿಸ್ತಾನೆ ಕಣಮ್ಮ. 30ಕ್ಕೆ 40 ಸರಿಯಾಗೇ ಇರುತ್ತೆ, ಮನೆ ವಾಲಿಕೊಂಡು ನಿಂತಿರುತ್ತೆ. ಮೂಲೆಯಿಂದ ಮೂಲೆಗೆ 50 ಬಂದ್ರೇ ಮೂಲೆಮಟ್ಟ ಸರಿ."

ಆ ಕ್ಷಣ ಮುಖಕ್ಕೆ ತಣ್ಣೀರು ಎರಚಿದ ಹಾಗಾಯಿತು. ಬ್ರಹ್ಮಗುಪ್ತನ ಸೂಕ್ಷ್ಮ ಸೂತ್ರ ಎಲ್ಲ ಚತುರ್ಭುಜಕ್ಕೂ ಹೊಂದುವುದಿಲ್ಲ. ನಾಲ್ಕೂ ಮೂಲೆ ಒಂದೇ ವೃತ್ತದ ಮೇಲೆ ಕೂರಬೇಕು, ಚಕ್ರೀಯ ಚತುರ್ಭುಜ ಆಗಿರಬೇಕು, ಆಗ ಮಾತ್ರ ಸರಿ. ಸೆಮಿನಾರಿನಲ್ಲಿ ಈ ಮಾತನ್ನು ಬೋರ್ಡಿನ ಮೇಲೆ ಬರೆದು ಕೆಳಗೆ ಗೆರೆ ಎಳೆದವಳು ನಾನೇ. ಹೊಲಕ್ಕೆ ಇಳಿದಾಗ ನೆನಪಾಗಲಿಲ್ಲ. ನಾಲೆ ಓರೆಯಾಗಿ ಹರಿಯುತ್ತದೆ, ನಮ್ಮ ಹೊಲ ಅದರ ಜೊತೆಗೇ ಓರೆಯಾಗಿ ಮಲಗಿದೆ. ಇಪ್ಪತ್ತು ವರ್ಷ ನೋಡಿದ ಹೊಲ. ಅಂಥ ಆಕಾರ ಯಾವ ವೃತ್ತದ ಮೇಲೂ ಕೂರುವುದಿಲ್ಲ.

ಭಾಸ್ಕರಾಚಾರ್ಯ 1150ರ ಸುಮಾರಿಗೆ ಬರೆದ ಲೀಲಾವತಿಯಲ್ಲಿ ಇದಕ್ಕೊಂದು ಬೈಗುಳವೇ ಇದೆ. ಕರ್ಣವನ್ನೋ ಲಂಬವನ್ನೋ ಹೇಳದೆ ಚತುರ್ಭುಜದ ವಿಸ್ತೀರ್ಣ ಕೇಳುವವನು ಪಿಶಾಚಿ, ಅದಕ್ಕೆ ಉತ್ತರ ಹೇಳುವವನು ಅವನಿಗಿಂತ ದೊಡ್ಡ ಪಿಶಾಚಿ ಅನ್ನುವ ಅರ್ಥದ ಮಾತು. ಕೇಳಿದ್ದು ತಾತ. ಹೇಳಿದ್ದು ನಾನು.

ಮಾರನೇ ದಿನ ಬೆಳಗ್ಗೆ ಬಿಸಿಲೇರುವ ಮೊದಲೇ ಹೋದೆವು. ಮಾವನೂ ಬಂದರು. ಬಡಗಲ ಮೂಡಲ ಮೂಲೆಯಿಂದ ತೆಂಕಲ ಪಡುವಲ ಮೂಲೆಗೆ ದಾರ ಎಳೆದು, ಅದರುದ್ದಕ್ಕೂ ಟೇಪು ಹಿಡಿದೆವು. ಮೂರು ಟೇಪು ಸರಿಯಾಗಿ. 300 ಅಡಿ.

ಈಗ ಹೊಲ ಎರಡು ತ್ರಿಕೋನವಾಯಿತು. ತ್ರಿಕೋನ ಮೋಸ ಮಾಡುವುದಿಲ್ಲ. ಮೂರು ಬದಿ ಗೊತ್ತಿದ್ದರೆ ಅದು ಅಲ್ಲಾಡೋಕೆ ಜಾಗವೇ ಇಲ್ಲ. ಒಂಬತ್ತನೇ ಕ್ಲಾಸಿನ ಹೆರಾನ್ ಸೂತ್ರ ಸಾಕು. ಮೊದಲ ತ್ರಿಕೋನ 11,967 ಚದರಡಿ, ಎರಡನೆಯದು 15,593. ಒಟ್ಟು 27,560. ಗುಂಟೆಯಲ್ಲಿ 25.31. ಹೆಚ್ಚುಕಮ್ಮಿ 25 ಗುಂಟೆ 5 ಆಣೆ.

ನಂಬಿಕೆ ಬರಲಿಲ್ಲ. ಈ ಐದು ಅಳತೆ ಸರಿಯಿದ್ದರೆ ಇನ್ನೊಂದು ಕರ್ಣ ಎಷ್ಟಿರಬೇಕು ಅಂತ ಬದುವಿನ ಮೇಲೆ ಕೂತು ಲೆಕ್ಕ ಹಾಕಿದೆ. 197 ಬರಬೇಕು. ಹೋಗಿ ಹಿಡಿದೆವು. 196ವರೆ. ಮಾವನ ಮುಖದಲ್ಲಿ ಒಂದು ನಗು. ಒಂದು ಕರ್ಣ 300, ಇನ್ನೊಂದು 197 ಇರುವ ಹೊಲವನ್ನು ಮನೆಮಂದಿಯೆಲ್ಲ ಸೇರಿ ಇಷ್ಟು ವರ್ಷ ಆಯತ ಅಂದುಕೊಂಡಿದ್ದೆವು.

ಇನ್ನೊಂದು ದಾರಿಯಲ್ಲೂ ನೋಡಿದೆ. ಸರ್ವೆಯವರು ಮಾಡುವುದು ಹೆಚ್ಚುಕಮ್ಮಿ ಹೀಗೇ. ಉದ್ದದ ಗೆರೆಯೊಂದನ್ನು ಹಿಡಿದು, ಅದರಿಂದ ಎರಡೂ ಕಡೆ ಮೂಲೆಗಳಿಗೆ ನೇರ ಅಡ್ಡಳತೆ ತೆಗೆಯುತ್ತಾರೆ. ನಮ್ಮ ದಾರದಿಂದ ಒಂದು ಕಡೆ 80 ಅಡಿ, ಇನ್ನೊಂದು ಕಡೆ 104. ಕೂಡಿದರೆ 184. 300ರಿಂದ ಗುಣಿಸಿ ಅರ್ಧ ಮಾಡಿದರೆ 27,600. ವರ್ಗಮೂಲವೂ ಬೇಡ, ಬ್ರಹ್ಮಗುಪ್ತನೂ ಬೇಡ. ವ್ಯತ್ಯಾಸ ಬರೀ 40 ಚದರಡಿ, ಒಂದು ಆಣೆಯೂ ಅಲ್ಲ.

ಶುಂಠಿಯವರ ಫೋನು ಸರಿಯಾಗೇ ಹೇಳಿತ್ತು.

ತಾತನಿಗೆ ಇದನ್ನು ಹೇಳೋದು ಹೇಗೆ? ಸೂತ್ರ ತೋರಿಸಿದರೆ ಆಗದು. ಪೊರಕೆಯಿಂದ ನಾಲ್ಕು ಕಡ್ಡಿ ಕಿತ್ತು, ಮೂಲೆಗಳನ್ನು ದಾರದಿಂದ ಸಡಿಲವಾಗಿ ಕಟ್ಟಿ ಒಂದು ಚೌಕಟ್ಟು ಮಾಡಿದೆ. ಜಗುಲಿ ಮೇಲೆ ಇಟ್ಟು ಒಂದು ಮೂಲೆಯನ್ನು ಮೆಲ್ಲಗೆ ತಳ್ಳಿದೆ. ಚೌಕಟ್ಟು ವಾಲಿತು. ಇನ್ನೂ ತಳ್ಳಿದೆ. ನಾಲ್ಕೂ ಕಡ್ಡಿ ಒಂದರ ಮೇಲೊಂದು ಮಲಗಿದವು.

"ಕಡ್ಡಿ ಉದ್ದ ಕಮ್ಮಿ ಆಯ್ತಾ ತಾತ?"

"ಇಲ್ಲ."

"ಒಳಗಿನ ಜಾಗ?"

ತಾತ ಮಾತಾಡಲಿಲ್ಲ. ಎದ್ದು ಕೊಟ್ಟಿಗೆ ಕಡೆ ಹೋದರು. ಮುನಿಸಿಕೊಂಡರು ಅಂದುಕೊಂಡೆ. ಕೊಟ್ಟಿಗೆಯ ಬಾಗಿಲ ಮುಂದೆ ನಿಂತು ನನ್ನನ್ನು ಕರೆದರು. ಹಲಗೆ ಬಾಗಿಲು, ಅವರೇ ಮಾಡಿದ್ದು. ಮೇಲಿನ ಮೂಲೆಯಿಂದ ಕೆಳಗಿನ ಎದುರು ಮೂಲೆಗೆ ಒಂದು ಓರೆ ಪಟ್ಟಿ ಹೊಡೆದಿತ್ತು. "ಇದು ಇಲ್ದಿದ್ರೆ ಬಾಗಿಲು ಜೋತು ಬೀಳುತ್ತೆ ಅಂತ ಹೊಡೆದೆ" ಅಂದರು. ಅದರ ಮೇಲೆ ಕೈ ಇಟ್ಟುಕೊಂಡು ಸುಮಾರು ಹೊತ್ತು ನಿಂತರು.

ಹೊರಗಿನ ಹೊಲಕ್ಕೆ ಈ ಪಟ್ಟಿ ಯಾಕೆ ನೆನಪಾಗಲಿಲ್ಲ ಅಂತ ತಾತ ಯೋಚಿಸುತ್ತಿದ್ದರೋ ಏನೋ. ನನ್ನ ಕಥೆಯೂ ಅದೇ ತಾನೆ. ನನ್ನ ಓರೆ ಪಟ್ಟಿ ಸೆಮಿನಾರಿನ ಬೋರ್ಡಿನ ಮೇಲೇ ಉಳಿದುಹೋಗಿತ್ತು.

ಒಂದು ಮಾತು ಹೇಳಬೇಕು. ತಾತನ ಸೂತ್ರ ತಪ್ಪಿದರೆ ಯಾವಾಗಲೂ ಒಂದೇ ದಿಕ್ಕಿಗೆ ತಪ್ಪುತ್ತದೆ. ಆಯತಕ್ಕೆ ಸರಿ ಬರುತ್ತದೆ, ಉಳಿದ ಯಾವ ಆಕಾರಕ್ಕೂ ಇರುವುದಕ್ಕಿಂತ ಜಾಸ್ತಿಯೇ ತೋರಿಸುತ್ತದೆ. ಕಮ್ಮಿ ತೋರಿಸುವುದೇ ಇಲ್ಲ. ವಿಸ್ತೀರ್ಣ ನೋಡಿ ಕಂದಾಯ ಹಾಕುವವರಿಗೆ ಇದಕ್ಕಿಂತ ಒಳ್ಳೆಯ ಸೂತ್ರ ಬೇಕಾ? ನಾವು ಗೊಬ್ಬರವನ್ನೂ ಬೀಜವನ್ನೂ ಇಷ್ಟು ವರ್ಷ 28ಕ್ಕೇ ಕೊಂಡು 25ಕ್ಕೆ ಹಾಕಿದ್ದೇವೆ. ನಮ್ಮ ಹೊಲದಲ್ಲಿ ರಾಗಿ ಒತ್ತಾಗಿ ಬರುತ್ತಿತ್ತು. ಮಣ್ಣಿನ ಗುಣ ಅಂತಿದ್ದರು ಅಪ್ಪ.

ಅಪ್ಪ ಶುಂಠಿಯವರಿಗೆ ಮತ್ತೆ ಫೋನು ಮಾಡಬೇಕಾಯಿತು. ಆ ಮಾತುಕತೆ ಬರೆಯುವುದಿಲ್ಲ. 25 ಗುಂಟೆ 5 ಆಣೆಗೆ 50,600 ಅಂತ ಆಯಿತು. ಮೋಟರು ರಿಪೇರಿ ಮುಂದಕ್ಕೆ ಹೋಯಿತು.

ರಾತ್ರಿ ಊಟ ಆದ ಮೇಲೆ ತಾತ ನನ್ನನ್ನು ಹತ್ತಿರ ಕರೆದು ಮೆಲ್ಲಗೆ ಹೇಳಿದರು: "ನಾಳೆ ದೊಡ್ಡೋನ ಹೊಲನೂ ಒಂದ್ಸಲ ಹಿಡಿದುಬಿಡು ಮಗ. ಮೂಲೆಯಿಂದ ಮೂಲೆಗೆ."

ನನಗೆ ಹೊಳೆದಿರಲಿಲ್ಲ. ತಾತನಿಗೆ ಹೊಳೆದಿತ್ತು. ಒಂದೇ ಹಗ್ಗ, ಒಂದೇ ಸೂತ್ರ, ಎರಡು ಹೊಲ. ಸೂತ್ರ ಎರಡಕ್ಕೂ ಒಂದೇ ಅಳತೆಯಲ್ಲಿ ತಪ್ಪಿದ್ದರೆ ಪಾಲು ಸಮವೇ. ಹಾಗಾಗಿದೆಯಾ ಅನ್ನೋದು ಪ್ರಶ್ನೆ.

ಹಿಡಿದೆ. ಮತ್ತೆ ದೊಡ್ಡಪ್ಪನ ಮಗನೇ ಟೇಪಿನ ತುದಿ ಹಿಡಿದ. ಬದಿಗಳು 202, 151, 203, 150. ಒಂದು ಕರ್ಣ 254, ಇನ್ನೊಂದು 250ವರೆ. ಹೊಲ ಹೆಚ್ಚುಕಮ್ಮಿ ಆಯತವೇ. ಅದು ರಸ್ತೆ ಮಗ್ಗಲಿನದು, ನಾಲೆಯ ಓರೆ ಅದಕ್ಕೆ ತಾಗಿಲ್ಲ. ವಿಸ್ತೀರ್ಣ 30,473 ಚದರಡಿ. 28 ಗುಂಟೆಗೆ ಕಾಲು ಆಣೆ ಕಮ್ಮಿ.

ಬದುವಿನ ಮೇಲೆ ಕೂತು ಎರಡನ್ನೂ ಕೂಡಿದೆ. 25.31, 27.98. ಒಟ್ಟು 53.29. ಪಹಣಿಯ 1-13-00 ನೆನಪಾಯಿತು. 53 ಗುಂಟೆ. ಆ ಮೂರು ಗುಂಟೆಯನ್ನು ಯಾರೂ ನುಂಗಿರಲಿಲ್ಲ. ಅದು ಇರಲೇ ಇಲ್ಲ. ಹಳೇ ಕಾಲದ ಆ ಸರ್ವೆಯವರು, ಯಾರೋ ಏನೋ, ಸರಪಳಿ ಎಳೆದುಕೊಂಡು ಇದೇ ಕೂಳೆಯ ಮೇಲೆ ಮೂಲೆಯಿಂದ ಮೂಲೆಗೆ ನಡೆದಿದ್ದಿರಬೇಕು.

ಆದರೆ ಪಾಲು? ದೊಡ್ಡಪ್ಪನಿಗೆ ಬಂದಿದ್ದು ಅಪ್ಪನಿಗಿಂತ 2 ಗುಂಟೆ 11 ಆಣೆ ಜಾಸ್ತಿ. ಯಾರೂ ಮೋಸ ಮಾಡಿರಲಿಲ್ಲ. ತಾತ ಇಬ್ಬರಿಗೂ ಒಂದೇ ಲೆಕ್ಕ ಹಿಡಿದಿದ್ದರು.

ಹಾಳೆಯನ್ನು ತಾತನ ಕೈಗೆ ಕೊಟ್ಟೆ. ಓದಿದರು. ಮಡಚಿ ಜೇಬಿಗೆ ಹಾಕಿಕೊಂಡರು. "ಯಾರ್ಗೂ ಹೇಳ್ಬೇಡ" ಅಂತಲೂ ಅನ್ನಲಿಲ್ಲ, "ಹೇಳು" ಅಂತಲೂ ಅನ್ನಲಿಲ್ಲ.

ನಾನು ಮೈಸೂರಿಗೆ ಹೊರಡುವ ಹಿಂದಿನ ದಿನ ಬದುವಿನ ಮೇಲಿನ ತೆಂಗಿನಕಾಯಿ ಇಳಿಸಿದರು. ಮೂರೂ ಮರದ ಕಾಯಿಯನ್ನು ಮೊದಲಿಂದಲೂ ಎರಡು ರಾಶಿ ಮಾಡಿ ಹಂಚುತ್ತಿದ್ದರು. ಈ ಸಲ ತಾತ ಅಲ್ಲೇ ನಿಂತು, "ಇನ್ಮೇಲೆ ಮೂರು ಮರಾನೂ ಚಿಕ್ಕೋನ್ಗೆ" ಅಂದರು. ದೊಡ್ಡಪ್ಪ ಯಾಕೆ ಅಂತ ಕೇಳಿದರು. "ಮೂಲೆ ಲೆಕ್ಕ ಕಣೋ" ಅಂದರು ತಾತ. ದೊಡ್ಡಪ್ಪನಿಗೆ ಅರ್ಥವಾಗಲಿಲ್ಲ. ಅಪ್ಪನಿಗೂ ಆಗಲಿಲ್ಲ. ತಾತನ ಮರ್ಯಾದೆಗೆ ಎದುರಾಡದೆ ದೊಡ್ಡಪ್ಪ ಆಗಲಿ ಅಂದು, ಕತ್ತಿ ತಗೊಂಡು ಹೋದರು.

ನನ್ನ ತಲೆಯಲ್ಲಿ ಆಗಲೇ ಲೆಕ್ಕ ಓಡುತ್ತಿತ್ತು. ಒಂದು ಮರಕ್ಕೆ ವರ್ಷಕ್ಕೆ ಎಷ್ಟು ಕಾಯಿ, ಕಾಯಿಗೆ ಎಷ್ಟು, ಗುಂಟೆಗೆ 2,000ದ ಲೆಕ್ಕದಲ್ಲಿ ಎಷ್ಟು ವರ್ಷಕ್ಕೆ ಸರಿಹೋಗುತ್ತೆ. ಫೋನು ತೆಗೆದು ಕ್ಯಾಲ್ಕುಲೇಟರ್ ಒತ್ತಿದೆ. ತಾತ ನೋಡಿಬಿಟ್ಟರು.

"ಅದನ್ನ ಬಿಡು ಮಗ" ಅಂದರು. "ಬಾ, ಈ ರಾಶಿ ಮನೆಗೆ ಹೊರು."